ಸ್ಪೈ ಥ್ರಿಲ್ಲರ್‌ನ ಎರಡನೇ ಭಾಗವನ್ನು ಅಳೆಯುವುದು ಹೇಗೆ?

'ದಿ ಬಾರ್ನ್ ಸುಪ್ರಿಮಸಿ'ಯನ್ನೇ (2004) ತೆಗೆದುಕೊಳ್ಳಿ. ಮೊದಲು 2002ರ 'ದಿ ಬಾರ್ನ್ ಐಡೆಂಟಿಟಿ' ನೋಡಿರಬೇಕು. ಇಲ್ಲದಿದ್ದರೆ ಗೋವಾದಲ್ಲಿ ನಾಯಕ ಬಾರ್ನ್‌ನ ಪ್ರೇಯಸಿ ಮರೀ ಸಾಯುವುದು ಬರೀ ತಿರುವಾಗಿ ಕಾಣುತ್ತದೆ, ನಷ್ಟವಾಗಿ ಅಲ್ಲ. (ಕಥೆ ಮೊದಲೇ ಗೊತ್ತಾಗಬಾರದು ಎನ್ನುವವರು ಸಿನಿಮಾ ನೋಡಿ ಬನ್ನಿ.)

ಮೊದಲ ಸಲ ನಿಲ್ಲಿಸದೆ ನೋಡಿ. ಎರಡು ಗಂಟೆಯೂ ಇಲ್ಲ. ಎರಡನೇ ಸಲ ಮ್ಯೂನಿಕ್ ಮನೆಯ ಹೊಡೆದಾಟ ಮತ್ತು ಮಾಸ್ಕೋದ ಕಾರ್ ಚೇಸ್ ಸಾಕು. ಮ್ಯೂಟ್ ಮಾಡಿ, ಒಂದು ನಿಮಿಷಕ್ಕೆ ಎಷ್ಟು ಕಟ್ (ಒಂದು ಶಾಟ್‌ನಿಂದ ಇನ್ನೊಂದಕ್ಕೆ ಜಿಗಿತ) ಇವೆ ಎಣಿಸಿ. ಯಾವ ಕಾರು ಯಾವ ಕಡೆಯಿಂದ ಬಂತು ಎಂದು ಹೇಳಲು ಆಗುತ್ತದೆಯೇ? ಆಗದಿದ್ದರೆ ಅದನ್ನು ಬರೆದಿಟ್ಟುಕೊಳ್ಳಿ. ನಿರ್ದೇಶಕ ಪಾಲ್ ಗ್ರೀನ್‌ಗ್ರಾಸ್ ಕೈಯಲ್ಲಿ ಹಿಡಿದ ಕ್ಯಾಮೆರಾವನ್ನು ನೆಚ್ಚಿಕೊಂಡಿದ್ದಾರೆ. ಏಟಿನ ಬಿರುಸು ದಕ್ಕುತ್ತದೆ, ಜಾಗದ ಅಂದಾಜು ತಪ್ಪುತ್ತದೆ. ದೊಡ್ಡ ಪರದೆಯ ಮುಂದಿನ ಸಾಲಿನಲ್ಲಿ ಕೂತರೆ ತಲೆ ತಿರುಗಲೂಬಹುದು. ಈಗ ಸದ್ದು ಹಾಕಿ ಮತ್ತೆ ನೋಡಿ: ಚಿತ್ರ ಬಿಟ್ಟದ್ದನ್ನು ಶಬ್ದ ಎಷ್ಟು ತುಂಬುತ್ತದೆ?

ನಾಯಕನ ಜಾಣತನಕ್ಕೆ ಬೇರೆ ಪುಟ ಇಡಿ. ಸುರುಳಿ ಸುತ್ತಿದ ಪತ್ರಿಕೆ, ಟೋಸ್ಟರ್, ಅಡುಗೆ ಗ್ಯಾಸ್: ಕೈಗೆ ಸಿಕ್ಕಿದ್ದೇ ಆಯುಧ. ಇದು ಚಿತ್ರದ ನಿಜವಾದ ಬಲ.

ಖಳರ ಲೆಕ್ಕ ಬೇಗ ಮುಗಿಯುತ್ತದೆ. ರಷ್ಯಾದ ತೈಲ ಕುಳ ಗ್ರೆಟ್ಕೋವ್ ಬರೀ ನೆರಳು. ಕೊನೆಗೆ, ತನ್ನಿಂದಲೇ ಅನಾಥಳಾದ ಹುಡುಗಿಯ ಮುಂದೆ ಬಾರ್ನ್ ತಪ್ಪೊಪ್ಪಿಕೊಳ್ಳುವ ದೃಶ್ಯವನ್ನು ಚೇಸ್‌ನ ಪಕ್ಕದಲ್ಲಿಟ್ಟು ನೋಡಿ. ಯಾವುದು ಹೆಚ್ಚು ನೆನಪಿನಲ್ಲಿ ಉಳಿಯಿತೋ ಅದರಿಂದಲೇ ವಿಮರ್ಶೆ ಶುರುಮಾಡಿ.