ಸೋಪಿನಲ್ಲಿ ಆನೆ ಸಾಲು: ಹೈಸ್ಕೂಲ್ ಮಕ್ಕಳ ಜೊತೆ ಉಬ್ಬುಗೆತ್ತನೆ

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನಕ್ಕೆ ಹೋದ ಮಕ್ಕಳೆಲ್ಲ ಮೊದಲು ಕತ್ತೆತ್ತಿ ಮೇಲಿನ ದೊಡ್ಡ ವಿಗ್ರಹಗಳನ್ನೇ ನೋಡುತ್ತಾರೆ. ನಾನು ಅವರನ್ನು ಜಗತಿಯ ಮೇಲೆ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆಯ ಮೇಲೆ, ಗೋಡೆಯ ಬುಡದಲ್ಲಿ ಕೂರಿಸುತ್ತೇನೆ. ತೀರ ಕೆಳಗಿನ ಪಟ್ಟಿಕೆಯಲ್ಲಿ ಆನೆ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು. ‘ಹತ್ತು ಆನೆ ಆರಿಸಿಕೊಳ್ಳಿ, ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ, ಬರೆದುಕೊಳ್ಳಿ’ ಎನ್ನುತ್ತೇನೆ. ಮುಟ್ಟುವ ಹಾಗಿಲ್ಲ, ಕಣ್ಣಲ್ಲೇ ನೋಡಬೇಕು. ಅರ್ಧ ಗಂಟೆಯಲ್ಲಿ ನೋಟ್‌ಬುಕ್ ತುಂಬಿರುತ್ತದೆ.

ನಾನು ಹಾಸನ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಆ ನೋಟ್‌ಬುಕ್ ಹಿಡಿದು ತರಗತಿಯಲ್ಲಿ ನಾವು ಮಾಡುವ ಕೆಲಸ ಇದು: ಒಬ್ಬೊಬ್ಬರಿಗೆ ಒಂದು ಸೋಪು, ಒಂದು ಆನೆ. ಕೊನೆಗೆ ಎಲ್ಲವನ್ನೂ ಸೇರಿಸಿದರೆ ಒಂದು ಪಟ್ಟಿಕೆ. 40 ನಿಮಿಷದ ನಾಲ್ಕು ಪೀರಿಯಡ್ ಬೇಕು.

ಸೋಪು ಹೊಸದಾಗಿರಲಿ. ಮೊದಲ ವರ್ಷ ನಾನು ಅಗ್ಗಕ್ಕೆ ಸಿಕ್ಕಿತೆಂದು ಅಂಗಡಿಯ ಅಟ್ಟದಲ್ಲಿ ಬಿದ್ದಿದ್ದ ಹಳೇ ಸೋಪು ತಂದೆ. ಒಣಗಿ ಬಿರುಸಾಗಿತ್ತು. ಮೊನೆ ತಾಗಿಸಿದರೆ ಹೆಕ್ಕಳಿಕೆ ಹೆಕ್ಕಳಿಕೆಯಾಗಿ ಏಳುತ್ತಿತ್ತು, ಅರ್ಧ ತರಗತಿಯ ಸೊಂಡಿಲು ಮುರಿಯಿತು. ಆದರೆ ಆ ದಿನವೇ ಬಳಪದ ಕಲ್ಲಿನ ಪಾಠ ಸಲೀಸಾಗಿ ತಲೆಗೆ ಹೋಯಿತು. ಹೊಯ್ಸಳರು ಕೆತ್ತಿದ ಈ ಬಳಪದ ಕಲ್ಲೂ ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಅಷ್ಟು ಸಣ್ಣ ಕುಸುರಿ ಸಾಧ್ಯವಾದದ್ದು ಅದರಿಂದ. ಹಾಗಾಗಿ ಸೋಪಿನ ಕಾಗದವನ್ನು ಕೆತ್ತುವ ದಿನವೇ ಬಿಚ್ಚಿಸಿ. ಎಲ್ಲರದೂ ಒಂದೇ ಜಾತಿಯ, ಒಂದೇ ಅಳತೆಯ ಮೈಸೋಪು ಆಗಿರಬೇಕು. ಬಟ್ಟೆ ಸೋಪು ಬೇಡ, ಕೈ ಉರಿಯುತ್ತದೆ.

ಉಪಕರಣಕ್ಕೆ ದುಡ್ಡು ಖರ್ಚು ಮಾಡಬೇಡಿ. ಜ್ಯಾಮಿಟ್ರಿ ಬಾಕ್ಸಿನ ಕೈವಾರ, ಹೇರ್‌ಪಿನ್, ಓರೆಯಾಗಿ ಉಜ್ಜಿ ಚೂಪು ಮಾಡಿದ ಐಸ್‌ಕ್ರೀಮ್ ಕಡ್ಡಿ, ಒಂದು ಸ್ಟೀಲ್ ಚಮಚ, ಹಳೇ ಟೂತ್‌ಬ್ರಷ್, ಇಷ್ಟು ಸಾಕು. ಬ್ಲೇಡು ಮಾತ್ರ ತರಗತಿಯೊಳಗೆ ಬರಕೂಡದು. ಸೋಪಿನ ಮೇಲೆ ಬ್ಲೇಡು ಜಾರುತ್ತದೆ. ಒಬ್ಬಳ ಹೆಬ್ಬೆರಳು ಸೀಳಿ ರಕ್ತ ಬಂದದ್ದನ್ನು ನೋಡಿದವಳು ನಾನು.

ಮೊದಲ ಪೀರಿಯಡ್‌ನಲ್ಲಿ ಸ್ಕೇಲಿನ ಅಂಚಿನಿಂದ ಸೋಪಿನ ಮೇಲಿನ ಅಕ್ಷರಗಳನ್ನು ಹೆರೆದು ಮುಖ ಸಮ ಮಾಡಲಿ. ಸೋಪಿನಷ್ಟೇ ಅಗಲದ ಕಾಗದದಲ್ಲಿ ಆನೆ ಬರೆಯಲಿ. ಇಲ್ಲಿ ಒಂದು ನಿಯಮ: ಕೆಳಗಿನಿಂದ 1 ಸೆಂಟಿಮೀಟರ್ ಬಿಟ್ಟು ನೆಲದ ಗೆರೆ, ಆನೆಗಳೆಲ್ಲ ಬಲಕ್ಕೇ ನಡೆಯಬೇಕು. ಈ ಗೆರೆ ತಪ್ಪಿದರೆ ಕೊನೆಗೆ ಸಾಲು ಕೂಡುವುದಿಲ್ಲ. ಉಳಿದದ್ದು ಅವರವರ ಇಷ್ಟ. ಹೋದ ವರ್ಷ ಆಲೂರು ಕಡೆಯ ಒಬ್ಬ ಹುಡುಗ ನಾನು ಬೋರ್ಡಿನ ಮೇಲೆ ಬರೆದ ಆನೆ ನೋಡಿ, ‘ಮಿಸ್, ಬೆನ್ನು ಚಪ್ಪಟೆ ಇರಲ್ಲ, ಉಬ್ಬಿರುತ್ತೆ. ತಲೆ ಎಲ್ಲದಕ್ಕಿಂತ ಮೇಲಿರುತ್ತೆ. ನಮ್ಮ ತೋಟಕ್ಕೆ ಬರೋವು ಹಂಗೇ’ ಅಂದ. ಅವನು ಹೇಳಿದ್ದೇ ಸರಿ. ಬೋರ್ಡು ಒರೆಸಿ ಚಾಕ್‌ಪೀಸ್ ಅವನ ಕೈಗೇ ಕೊಟ್ಟೆ.

ಕಾಗದವನ್ನು ಸೋಪಿನ ಮೇಲಿಟ್ಟು ಗೆರೆಯ ಉದ್ದಕ್ಕೂ ಕೈವಾರದ ಮೊನೆಯಿಂದ ಚುಚ್ಚುತ್ತಾ ಹೋಗಬೇಕು. ಕಾಗದ ತೆಗೆದು ಒಂದು ಚಿಟಿಕೆ ಇದ್ದಿಲ ಪುಡಿ ಉಜ್ಜಿದರೆ ರಂಗೋಲಿ ಚುಕ್ಕಿಗಳ ಹಾಗೆ ಆನೆ ಕಾಣುತ್ತದೆ.

ಎರಡನೇ, ಮೂರನೇ ಪೀರಿಯಡ್ ನಿಜವಾದ ಕೆಲಸ. ಮಕ್ಕಳ ಕೈಗೆ ಮೊನೆ ಸಿಕ್ಕಿದ ಕೂಡಲೇ ಆನೆಯ ಕಣ್ಣು ಕೊರೆಯಲು ಹೊರಡುತ್ತಾರೆ. ತಡೆಯಿರಿ. ಆನೆಯನ್ನು ಮುಟ್ಟಲೇಬಾರದು, ಸುತ್ತಲಿನ ಸೋಪು ಇಳಿಯಬೇಕು. ಸೋಪಿನ ನಾಲ್ಕೂ ಪಕ್ಕಕ್ಕೆ ಮೇಲಿನಿಂದ ಅರ್ಧ ಸೆಂಟಿಮೀಟರ್ ಕೆಳಗೆ ಗೀಟು ಹಾಕಿಸಿ, ನೆಲದ ಪಟ್ಟಿ ಬಿಟ್ಟು ಉಳಿದ ಹಿನ್ನೆಲೆ ಆ ಗೀಟಿನವರೆಗೆ ಇಳಿಯಲಿ. ಮೊದಲು ಆನೆಯ ಹೊರಗೆರೆಯನ್ನು ನೇರವಾಗಿ ಆಳಕ್ಕೆ ಕೊರೆದು, ಆಮೇಲೆ ಹೊರಗಿನಿಂದ ಆ ಗೆರೆಯ ಕಡೆಗೆ ತೆಳುವಾಗಿ ಹೆರೆಯುತ್ತಾ ಬರಬೇಕು. ಕೊರೆದ ಗೆರೆಯ ಹತ್ತಿರ ಬಂದಾಗ ಸಿಪ್ಪೆ ತಾನಾಗಿ ಕಳಚಿ ಬೀಳುತ್ತದೆ. ಗೆರೆ ಕೊರೆಯದೆ ಹೆರೆದರೆ ಕಡ್ಡಿ ಆನೆಯೊಳಗೇ ನುಗ್ಗುತ್ತದೆ.

ಹಿನ್ನೆಲೆ ಇಳಿದ ಮೇಲೆ ಆನೆಯ ಮೈಯಲ್ಲೇ ಮೆಟ್ಟಿಲು ಮಾಡಬೇಕು. ಆಚೆ ಬದಿಯ ಎರಡು ಕಾಲು 2-3 ಮಿಲಿಮೀಟರ್ ಕೆಳಗೆ, ಹೊಟ್ಟೆ ಅದಕ್ಕಿಂತ ಮೇಲೆ, ಕಿವಿ ಎಲ್ಲಕ್ಕಿಂತ ಮೇಲೆ. ಮೆಟ್ಟಿಲ ಅಂಚನ್ನು ಹೊರಳಿಸಿ ದುಂಡಗೆ ಮಾಡಲು ಚಮಚದ ಬೆನ್ನು. ಸೊಂಡಿಲನ್ನು ಹಿನ್ನೆಲೆಯಿಂದ ಬಿಡಿಸಲು ಹೋಗಬೇಡಿ, ಸೋಪಿಗೆ ಅಷ್ಟು ಶಕ್ತಿಯಿಲ್ಲ.

ಕೆಲಸ ಎಲ್ಲಿಗೆ ಬಂತು ಎಂದು ನೋಡಲು ಕಿಟಕಿ ಮುಚ್ಚಿ, ಮೊಬೈಲ್ ಟಾರ್ಚನ್ನು ಸೋಪಿನ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಚೆನ್ನಾಗಿ ಕಂಡದ್ದು ಈಗ ಸಪಾಟಾಗಿ ಕಾಣಬಹುದು. ಕಿವಿಯ ಕೆಳಗೆ ನೆರಳು ಬೀಳದಿದ್ದರೆ ಇನ್ನೂ ಆಳ ಬೇಕು ಅಂತಲೇ ಅರ್ಥ. ನಾನು ಬಾಯಲ್ಲಿ ಹತ್ತು ಸಲ ಹೇಳುವುದನ್ನು ಆ ಟಾರ್ಚು ಒಂದೇ ಸಲಕ್ಕೆ ಹೇಳುತ್ತದೆ. ಕಣ್ಣು, ಗಂಟೆ, ಹಗ್ಗ, ಕಾಲುಗುರು ಇವೆಲ್ಲ ಕಟ್ಟಕಡೆಗೆ, ಹೇರ್‌ಪಿನ್ನಿನಿಂದ.

ನಾಲ್ಕನೇ ಪೀರಿಯಡ್‌ಗೆ ಒದ್ದೆ ಬೆರಳಿನಿಂದ ಒಮ್ಮೆ ಸವರಿ ನಯ ಮಾಡಿ, ಒಣಗಿದ ಮೇಲೆ ಬ್ರಷ್ಷಿನಿಂದ ಇದ್ದಿಲ ಪುಡಿ ತುಂಬಿ, ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿ. ತಗ್ಗಿನಲ್ಲಿ ಕಪ್ಪು ಉಳಿದು ಕೆತ್ತನೆ ಎದ್ದು ನಿಲ್ಲುತ್ತದೆ. ಪೇಂಟ್ ಹಚ್ಚಬೇಡಿ, ಕುಸುರಿಯೆಲ್ಲ ಮುಚ್ಚಿಹೋಗುತ್ತದೆ. ಆಮೇಲೆ ಮರದ ಪಟ್ಟಿಯ ಮೇಲೆ ಫೆವಿಕಾಲ್ ಹಾಕಿ ಒಂದರ ಪಕ್ಕ ಒಂದು ಅಂಟಿಸಿ. ನಮ್ಮ 36 ಮಕ್ಕಳ ಸೋಪು, ಒಂದೊಂದು 9 ಸೆಂಟಿಮೀಟರಿನಂತೆ, ಮೂರೂಕಾಲು ಮೀಟರ್ ಬಂತು. ಎಂಟನೇ ಕ್ಲಾಸಿನವರು ಆನೆ ಮಾಡಿದರೆ ಒಂಬತ್ತನೆಯವರಿಗೆ ಬಳ್ಳಿ ಕೊಡಬಹುದು. ಬಳ್ಳಿ ಒಂದು ಸೋಪಿನಿಂದ ಇನ್ನೊಂದಕ್ಕೆ ಹರಿಯಬೇಕಾದ್ದರಿಂದ ಪಕ್ಕದವರ ಜೊತೆ ಮಾತಾಡಿಕೊಂಡೇ ಕೆತ್ತಬೇಕಾಗುತ್ತದೆ.

ರಾತ್ರಿ ಹೊರಗೆ ಬಿಡಬೇಡಿ. ಇಲಿ ಸೋಪು ತಿನ್ನುತ್ತದೆ, ನಮ್ಮ ಮೂರು ಆನೆ ಹಾಗೇ ಹೋದವು. ಮುಚ್ಚಳವಿರುವ ತಗಡಿನ ಟ್ರಂಕಿನಲ್ಲಿ ಇಡಿ. ಉದುರಿದ ಹೊಟ್ಟನ್ನು ಬಿಸಿನೀರಿನಲ್ಲಿ ಕರಗಿಸಿದರೆ ಬಿಸಿಯೂಟಕ್ಕೆ ಮುಂಚೆ ಕೈ ತೊಳೆಯಲು ಆಗುತ್ತದೆ.

ಅಂಟಿಸುವ ಮುಂಚೆ ಒಂದು ಕೆಲಸ ಬಾಕಿ. ಬೇಲೂರಿನಲ್ಲಿ ದಾಸೋಜ, ಚಾವಣ, ಅಮೃತಾಪುರದಲ್ಲಿ ಮಲ್ಲಿತಮ್ಮ, ಹೀಗೆ ಹೊಯ್ಸಳ ಶಿಲ್ಪಿಗಳು ಕೆತ್ತಿದ ಹೆಸರುಗಳು ಇವತ್ತಿಗೂ ಓದಲು ಸಿಗುತ್ತವೆ. ನೆಲದ ಗೆರೆಯ ಕೆಳಗೆ ಬಿಟ್ಟ 1 ಸೆಂಟಿಮೀಟರ್ ಇರುವುದು ಅದಕ್ಕೇ. ಪ್ರತಿ ಮಗುವೂ ತನ್ನ ಹೆಸರನ್ನು ಅಲ್ಲಿ ಕೈವಾರದ ಮೊನೆಯಿಂದ ಕನ್ನಡದಲ್ಲಿ ಕೊರೆಯಲಿ, ಒತ್ತಕ್ಷರಕ್ಕೆ ಜಾಗ ಬಿಟ್ಟುಕೊಂಡು.