ಎಲ್-ನೇಮ್ ಕೊಟ್ಟ ಇಲಿಯ ಬಿಪಿ ಅಳೆಯುವುದು ಹೇಗೆ?

ನಮ್ಮ ಲ್ಯಾಬಿಗೆ ಎಂ.ಫಾರ್ಮ್ ಪ್ರಾಜೆಕ್ಟ್‌ಗೆ ಬರುವವರು ಮೊದಲು ಕೇಳುವುದು ಎಲ್-ನೇಮ್ (ನೈಟ್ರಿಕ್ ಆಕ್ಸೈಡ್ ತಡೆದು ಬಿಪಿ ಏರಿಸುವ ರಾಸಾಯನಿಕ) ಡೋಸ್ ಎಷ್ಟು ಅಂತ. ಡೋಸ್ ಸುಲಭ. ಕಷ್ಟ ಇರುವುದು ಇಲಿಯನ್ನು ಹೆದರಿಸದೆ ಬಿಪಿ ಅಳೆಯುವುದರಲ್ಲಿ. ನೈಟ್ರಿಕ್ ಆಕ್ಸೈಡ್ ಕಡಿಮೆಯಾದರೂ ಬಿಪಿ ಏರುತ್ತದೆ, ಇಲಿ ಹೆದರಿದರೂ ಏರುತ್ತದೆ. ಯಂತ್ರಕ್ಕೆ ಎರಡೂ ಒಂದೇ.

ರಕ್ತನಾಳದ ಒಳಪದರ ಅಮೈನೋ ಆಮ್ಲವಾದ ಎಲ್-ಆರ್ಜಿನಿನ್‌ನಿಂದ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ. ಅದು ಪಕ್ಕದ ಸ್ನಾಯುವನ್ನು ಸಡಿಲಗೊಳಿಸಿ ನಾಳವನ್ನು ಹಿಗ್ಗಿಸುತ್ತದೆ. ಆ ಒಳಪದರವನ್ನು ಉಜ್ಜಿ ತೆಗೆದರೆ, ನಾಳ ಸಡಿಲಿಸುವ ಅಸಿಟೈಲ್‌ಕೋಲಿನ್ ಹಾಕಿದರೂ ನಾಳ ಸಡಿಲವಾಗುವುದಿಲ್ಲ ಅಂತ ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ 1980ರಲ್ಲಿ ಮೊಲದ ಮಹಾಪಧಮನಿಯಲ್ಲಿ ತೋರಿಸಿದರು. ನಾವು ಕೊಡುವ ಎಲ್-ನೇಮ್, ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವನ್ನೇ ತಡೆಯುತ್ತದೆ.

ಐಎಇಸಿ (ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿ) ಒಪ್ಪಿಗೆ ಸಿಗದೆ ಇಲಿ ಮುಟ್ಟಬೇಡಿ. ಡೋಸ್ ಸಾಮಾನ್ಯವಾಗಿ ದಿನಕ್ಕೆ ಕೆ.ಜಿ.ಗೆ 40 ಮಿ.ಗ್ರಾಂ, ನಾಲ್ಕು ವಾರ. 250 ಗ್ರಾಂ ತೂಕದ ವಿಸ್ಟಾರ್ (ಲ್ಯಾಬಿನ ಒಂದು ತಳಿ) ಇಲಿಗೆ 10 ಮಿ.ಗ್ರಾಂ ಆಯಿತು. ಅದು ದಿನಕ್ಕೆ 25 ಮಿ.ಲೀ. ನೀರು ಕುಡಿದರೆ, ಪ್ರತಿ ಮಿ.ಲೀ.ನಲ್ಲಿ 0.4 ಮಿ.ಗ್ರಾಂ ಇರಬೇಕು. ದ್ರಾವಣ ದಿನಾ ಹೊಸದಾಗಿ ಮಾಡಿ, ಬಾಟಲಿ ತೂಕ ಬರೆದಿಡಿ. ಬಾಟಲಿಯ ಮೂತಿ ಸೋರುತ್ತಿದೆಯಾ ನೋಡಿ, ಇಲ್ಲದಿದ್ದರೆ ಸೋರಿದ್ದೂ ಕುಡಿದ ಲೆಕ್ಕಕ್ಕೇ ಸೇರುತ್ತದೆ. ಇಲಿ ಬೆಳೆದ ಹಾಗೆ ಲೆಕ್ಕವನ್ನೂ ಬದಲಿಸುತ್ತಾ ಹೋಗಿ.

ಈಗ ಅಳತೆ, ಅದು ಬಾಲದಲ್ಲಿ. ಔಷಧಿ ಶುರು ಮಾಡುವ ಒಂದು ವಾರ ಮೊದಲಿನಿಂದಲೇ ಇಲಿಯನ್ನು ದಿನಾ ಸ್ವಲ್ಪ ಹೊತ್ತು, ಅಲುಗದಂತೆ ಹಿಡಿದಿಡುವ ಕೊಳವೆ ಅಂದರೆ ರೆಸ್ಟ್ರೇನರ್‌ನಲ್ಲಿ ಕೂರಿಸಿ ಅಭ್ಯಾಸ ಮಾಡಿಸಿ. ಬಾಲ ಹಿಡಿದು ಎಳೆದು ಒಳಗೆ ತುಂಬಬೇಡಿ. ರೆಸ್ಟ್ರೇನರ್ ಬಾಯನ್ನು ಇಲಿಯ ಮುಂದಿಟ್ಟು ಕಾಯಿರಿ, ಕತ್ತಲು ಕಂಡರೆ ಎಷ್ಟೋ ಸಲ ತಾನೇ ನುಗ್ಗುತ್ತದೆ. ಮೇಲೆ ಒಂದು ಬಟ್ಟೆ ಮುಚ್ಚಿ. ನಾನು ಯಾವಾಗಲೂ ಬೆಳಿಗ್ಗೆ 10 ಗಂಟೆಗೆ, ಬಾಗಿಲು ಹಾಕಿಕೊಂಡು ಕೂರುತ್ತೇನೆ. ಹೊತ್ತು ಬದಲಾಗಬಾರದು, ಹಿಡಿಯುವ ಕೈಯೂ ಬದಲಾಗಬಾರದು.

ಬಾಲ ಮುಟ್ಟಿ ನೋಡಿ. ತಣ್ಣಗಿದ್ದರೆ ಬಾಲದ ನಾಳ ಮುದುಡಿಕೊಂಡಿದೆ ಅಂತಲೇ ಅರ್ಥ, ನಾಡಿ ಸಿಗುವುದಿಲ್ಲ. ಬೆಚ್ಚಗಿನ ಪ್ಯಾಡ್ ಮೇಲೆ ಕೆಲವು ನಿಮಿಷ ಬಿಡಿ. ಸುಮಾರು 32ರಿಂದ 35 ಡಿಗ್ರಿ ಸಾಕು. ಜಾಸ್ತಿ ಕಾಯಿಸಿದರೆ ಇಲಿ ಏದುಸಿರು ಬಿಡುತ್ತದೆ. ಕಫ್ (ಗಾಳಿ ತುಂಬಿ ಬಾಲ ಬಿಗಿಯುವ ಪಟ್ಟಿ) ಬಾಲದ ಬುಡಕ್ಕೆ ಬರಲಿ, ನಾಡಿ ಹಿಡಿಯುವ ಸೆನ್ಸರ್ ಅದರ ಹಿಂದೆ, ಬಾಲದ ತುದಿಯ ಕಡೆಗೆ. ಪರದೆಯಲ್ಲಿ ನಾಡಿಯ ಅಲೆ ಒಂದೇ ಎತ್ತರದಲ್ಲಿ ಸಾಲಾಗಿ ಬರುವವರೆಗೆ ಗಾಳಿ ತುಂಬಬೇಡಿ. ಮೊದಲ ಕೆಲವು ರೀಡಿಂಗ್ ಬಿಟ್ಟುಬಿಡಿ, ಆಮೇಲೆ ಹತ್ತಿರ ಹತ್ತಿರ ಇರುವ ಐದಾರನ್ನು ತೆಗೆದುಕೊಂಡು ಸರಾಸರಿ ಮಾಡಿ. ಇಲಿ ಒದ್ದಾಡಿದಾಗ ಬಂದ ಸಂಖ್ಯೆ ಎಷ್ಟೇ ಚೆನ್ನಾಗಿ ಕಂಡರೂ ಬೇಡ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಯಲಿಲ್ಲವಾ, ಪಂಜರಕ್ಕೆ ಬಿಟ್ಟು ನಾಳೆ ನೋಡಿ.

ಕಂಟ್ರೋಲ್ ಇಲಿಯ (ಎಲ್-ನೇಮ್ ಕೊಡದ ಇಲಿ) ಸಿಸ್ಟಾಲಿಕ್, ಅಂದರೆ ಬಿಪಿಯ ಮೇಲಿನ ಸಂಖ್ಯೆ, ಸುಮಾರು 110ರಿಂದ 130 ಇರಬೇಕು. ಅದೇ 150 ತೋರಿಸಿದರೆ ನೀವು ಅಳೆಯುತ್ತಿರುವುದು ಭಯ. ಅಭ್ಯಾಸ ಮತ್ತೆ ಶುರು ಮಾಡಿ. ಎಲ್-ನೇಮ್ ಗುಂಪು ವಾರ ವಾರಕ್ಕೂ ಏರುತ್ತಾ 160 ದಾಟುವುದು ಮಾಮೂಲು. ಈ ಗುಂಪಿನ ಮೇಲೆ ದಿನಾ ಕಣ್ಣಿಡಿ. ಪಾರ್ಶ್ವವಾಯು ಆಗಬಹುದು. ಒಂದು ಕಡೆ ವಾಲಿ ನಡೆದರೆ, ತೂಕ ಇಳಿದರೆ ಕೂಡಲೇ ಪಶುವೈದ್ಯರನ್ನು ಕರೆಯಿರಿ.

ಎಲ್-ನೇಮ್ ಜೊತೆ ಎಲ್-ಆರ್ಜಿನಿನ್ ಕೊಡುವ ಇನ್ನೊಂದು ಗುಂಪನ್ನು ಖಂಡಿತ ಇಟ್ಟುಕೊಳ್ಳಿ. ಅದರಲ್ಲಿ ಏರಿಕೆ ತಗ್ಗಿದರೆ ಮಾತ್ರ ನೈಟ್ರಿಕ್ ಆಕ್ಸೈಡ್ ಕೊರತೆಯಿಂದಲೇ ಬಿಪಿ ಏರಿತು ಅಂತ ಧೈರ್ಯವಾಗಿ ಬರೆಯಬಹುದು.

ರಕ್ತದಲ್ಲೂ ನೋಡಬೇಕು. ನೈಟ್ರಿಕ್ ಆಕ್ಸೈಡ್ ಕೆಲವೇ ಸೆಕೆಂಡ್ ಬದುಕುವುದರಿಂದ ಅದು ಬಿಟ್ಟುಹೋದ ನೈಟ್ರೈಟ್, ನೈಟ್ರೇಟ್ ಅಳೆಯುತ್ತೇವೆ. ಗ್ರೀಸ್ ರಿಯೇಜೆಂಟ್ (ನೈಟ್ರೈಟ್ ಇದ್ದರೆ ಗುಲಾಬಿ ಬಣ್ಣ ಕೊಡುವ ದ್ರಾವಣ) ಹಿಡಿಯುವುದು ನೈಟ್ರೈಟ್ ಮಾತ್ರ, ಹಾಗಾಗಿ ನೈಟ್ರೇಟನ್ನು ಮೊದಲು ನೈಟ್ರೈಟ್ ಮಾಡಿಕೊಳ್ಳಿ. ಮೇವಿನಲ್ಲೂ ನೈಟ್ರೇಟ್ ಇರುತ್ತದೆ. ಎಲ್ಲ ಗುಂಪಿಗೂ ಒಂದೇ ಮೇವು ಕೊಟ್ಟು, ಹಿಂದಿನ ರಾತ್ರಿ ಉಪವಾಸ ಇಡಿ. ಗುಲಾಬಿ ಬಣ್ಣವನ್ನು ಓದುವುದು 540 ನ್ಯಾನೋಮೀಟರ್‌ನಲ್ಲಿ. ಹಿಮೋಗ್ಲೋಬಿನ್ ಕೂಡ ಅಲ್ಲೇ ಬೆಳಕು ಹೀರುತ್ತದೆ, ಆದ್ದರಿಂದ ಪ್ಲಾಸ್ಮಾ ಕೆಂಪಾಗಿದ್ದರೆ ಆ ಸ್ಯಾಂಪಲ್ ಬಿಡಿ.