ಚುಕ್ಕೆ ಅಳಿಸಿದಷ್ಟೂ ನಕ್ಷೆ ನಿಜವಾಯಿತು

ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆಯವರೇ ಕಾಡ್ಗಿಚ್ಚಿನ ಎಸ್‌ಎಂಎಸ್ ಕಳಿಸುವಾಗ ನಿನಗೇಕೆ ಈ ಉಸಾಬರಿ ಎಂದು ಗೆಳೆಯರು ಕೇಳಿದ್ದರು. ಈ ಬೇಸಿಗೆಯಲ್ಲಿ ಆ ಗೆಳೆಯರೇ ಬೆಳಿಗ್ಗೆ ಎದ್ದು ಮೊದಲು ನೋಡಿದ್ದು, ಉಪಗ್ರಹ ಕಂಡ ಬೆಂಕಿಯನ್ನು ತೋರಿಸುವ ನನ್ನ ನಕ್ಷೆಯನ್ನು. ಅದಕ್ಕೇ ಈ ಬರಹ.

2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದ ಮೇಲೆ ಹಿಡಿದ ಹುಚ್ಚು ಇದು. ಉಪಗ್ರಹ ಕಂಡ ಬೆಂಕಿಯ ದತ್ತಾಂಶ ಹಂಚುವ ನಾಸಾದ ಫರ್ಮ್ಸ್ ಸೇವೆಯಿಂದ ಉಚಿತ ಕೀಲಿ (ದತ್ತಾಂಶ ತರಿಸಿಕೊಳ್ಳುವ ಸಂಕೇತ) ಪಡೆದು, ಉಪಗ್ರಹಗಳಲ್ಲಿರುವ ಮೋಡಿಸ್, ವಿಯರ್ಸ್ ಎಂಬ ಎರಡು ಸಂವೇದಕಗಳು ಗುರುತಿಸಿದ ಬಿಸಿ ಜಾಗಗಳನ್ನೆಲ್ಲ ತಂದು ಚುಕ್ಕೆಗಳಾಗಿ ಸುರಿದೆ. ನಕ್ಷೆ ದಡಾರ ಎದ್ದ ಮಗುವಿನ ಮೈಯಂತಾಯಿತು. ತೋರಣಗಲ್ಲಿನ ಉಕ್ಕಿನ ಕುಲುಮೆಯೂ ಬೆಂಕಿ, ಮಂಡ್ಯದ ಗದ್ದೆಯಲ್ಲಿ ಸುಡುವ ಕಬ್ಬಿನ ತರಗೂ ಬೆಂಕಿ. ಮೋಡಿಸ್‌ನ ಒಂದು ಚುಕ್ಕೆ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್ ಚೌಕ; ನಮ್ಮ ಕೆಲಸಕ್ಕೆ ತೀರಾ ದೊಡ್ಡದು, ಕೈಬಿಟ್ಟೆ. 375 ಮೀಟರಿನ ವಿಯರ್ಸ್ ಉಳಿಯಿತು. ಸುವೋಮಿ ಎನ್‌ಪಿಪಿ, ನೋವಾ-20, ನೋವಾ-21 ಎಂಬ ಮೂರು ಉಪಗ್ರಹಗಳಲ್ಲೂ ಅದಿದೆ.

ಒಂದು ಮಧ್ಯಾಹ್ನ ತುಂಬಿದ ಕೆರೆಯ ನಟ್ಟನಡುವೆ ಚುಕ್ಕೆ ಬಿತ್ತು. ಅರಣ್ಯ ಇಲಾಖೆಯ ವಾಚರ್ (ಕಾವಲುಗಾರ) ಒಬ್ಬರು ಫೋನ್ ಮಾಡಿ, "ಸಾರ್, ನೀರಿಗೂ ಬೆಂಕಿ ಹತ್ತಿತೇ?" ಎಂದರು. ಹೋಗಿ ನೋಡಿದರೆ ಏರಿಯ ಆಚೆ ಒಣಹುಲ್ಲು ಉರಿಯುತ್ತಿತ್ತು. ಚುಕ್ಕೆ ಚೌಕದ ನಡುಬಿಂದು ಮಾತ್ರ, ಬೆಂಕಿ ಅದರೊಳಗೆ ಎಲ್ಲಿಯಾದರೂ ಇರಬಹುದು. ಈಗ ಚುಕ್ಕೆಯ ಬದಲು ಚೌಕವನ್ನೇ ಬಿಡಿಸುತ್ತೇನೆ. ಉಪಗ್ರಹ ಓರೆಯಾಗಿ ನೋಡಿದಾಗ ಚೌಕ ಹಿಗ್ಗುತ್ತದೆ. ಅದರ ಅಳತೆ ದತ್ತಾಂಶದ ಸ್ಕ್ಯಾನ್, ಟ್ರ್ಯಾಕ್ ಕಾಲಂಗಳಲ್ಲೇ ಸಿಗುತ್ತದೆ, ಆದರೆ ಎಷ್ಟು ಜನ ಅತ್ತ ಕಣ್ಣು ಹಾಯಿಸುತ್ತಾರೆ? ಮೇಲೆ ಬೆಂಕಿ ರೇಖೆಗಳ (ಕಿಚ್ಚು ಹಬ್ಬದಂತೆ ಕಾಡಿನಲ್ಲಿ ಹುಲ್ಲು-ತರಗು ತೆಗೆದು ಮಾಡಿದ ಪಟ್ಟಿಗಳ) ಪದರ ಹಾಸಿದ್ದೇನೆ. ರೇಖೆಯ ಯಾವ ಬದಿಗೆ ಓಡಬೇಕೆಂಬ ಅಂದಾಜು ಅದರಿಂದಲೇ ಸಿಗುತ್ತದೆ.

ಬೆಂಕಿಯೇ ಎಂಬ ಖಾತ್ರಿ ಕಡಿಮೆ ಎಂದು ದತ್ತಾಂಶವೇ ಹೇಳುವ ಹಗಲಿನ ಚುಕ್ಕೆಗಳನ್ನು ಕಿತ್ತೊಗೆದೆ, ಬಹುಪಾಲು ಬಿಸಿಲಿನ ಹೊಳಪಿನ ಕಾಟ. ಒಂದೇ ಜಾಗದಲ್ಲಿ ಪದೇ ಪದೇ ಕಾಣುವುದನ್ನು ಕುಲುಮೆ ಎಂದು ಬದಿಗಿಡುತ್ತೇನೆ. ಎಷ್ಟು ಸಲ ಕಂಡರೆ, ಎಷ್ಟು ದಿನದೊಳಗೆ ಎಂಬುದನ್ನು ಮಾತ್ರ ಕೇಳಬೇಡಿ, ಎರಡು ಬೇಸಿಗೆ ಕೂತು ಹೊಂದಿಸಿದ್ದು.

ದುಡ್ಡಿನ ಕಥೆ ಬೇರೆ. ಹಿನ್ನೆಲೆ ನಕ್ಷೆ ಕೊಡುತ್ತಿದ್ದ ಕಂಪನಿಯೊಂದು ಮೊದಲು ಉಚಿತ ಎಂದಿತು. ಮಾರ್ಚ್‌ನಲ್ಲಿ ನೋಡುವವರು ಹೆಚ್ಚಿದಾಗ ಎಂಟು ಸಾವಿರದಷ್ಟು ಬಿಲ್ ಕಳಿಸಿತು. ಜನರೇ ಸೇರಿ ಕಟ್ಟಿದ ಉಚಿತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶ ಇಳಿಸಿಕೊಂಡು ನಮ್ಮ ನಾಲ್ಕು ತಾಲ್ಲೂಕುಗಳ ಚಿತ್ರವನ್ನು ನಾನೇ ತಯಾರಿಸಿಟ್ಟೆ. ಈಗ ಸರ್ವರ್ ಬಾಡಿಗೆ ತಿಂಗಳಿಗೆ ಆರುನೂರರ ಆಸುಪಾಸು. ಎಚ್ಚರಿಕೆ ಟೆಲಿಗ್ರಾಂನಲ್ಲಿ ಹೋಗುತ್ತದೆ, ಅದಕ್ಕೆ ಕಾಸಿಲ್ಲ.

ಹಳೇ ತಕರಾರು ಒಂದು ಇನ್ನೂ ಉಳಿದಿದೆ, ನ್ಯಾಯವಾದದ್ದೇ. ಈ ಉಪಗ್ರಹಗಳು ಬರುವುದು ಮಧ್ಯಾಹ್ನ ಒಂದೂವರೆ, ರಾತ್ರಿ ಒಂದೂವರೆಯ ಹಿಂದುಮುಂದು. ಅದರ ಮೇಲೆ ದತ್ತಾಂಶ ಕೈಸೇರಲು ಮೂರು ಗಂಟೆಯವರೆಗೂ ಹಿಡಿಯುತ್ತದೆ. ಸಂಜೆ ನಾಲ್ಕಕ್ಕೆ ಹತ್ತಿ ಏಳಕ್ಕೆ ಆರಿದ ಬೆಂಕಿ ನಕ್ಷೆಗೆ ಬರುವುದೇ ಇಲ್ಲ. ಈ ಸಂದು ಮುಚ್ಚಲು ಭಾರತದ ಹವಾಮಾನ ಉಪಗ್ರಹ ಇನ್ಸಾಟ್-3ಡಿಆರ್ ಹಿಡಿದು ಒದ್ದಾಡಿದೆ. ಅರ್ಧ ಗಂಟೆಗೊಮ್ಮೆ ಚಿತ್ರ ಬರುತ್ತದೆ, ನಿಜ. ಆದರೆ ನಾಲ್ಕು ಕಿಲೋಮೀಟರಿನ ಚೌಕದಲ್ಲಿ ಲಂಟಾನದ ಪೊದೆಯಡಿ ಹರಿದಾಡುವ ಕಿಚ್ಚು ಎಲ್ಲಿ ಕಂಡೀತು? ಸದ್ಯಕ್ಕೆ ಬಿಟ್ಟಿದ್ದೇನೆ. ಸುಟ್ಟ ನೆಲದ ಲೆಕ್ಕ ಹಾಕಲು ಮಾತ್ರ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ ತೆರೆಯುತ್ತೇನೆ. ಮೋಡವಿಲ್ಲದಿದ್ದರೆ ಐದಾರು ದಿನದಲ್ಲಿ ಕರಿ ಮಚ್ಚೆ ಕಾಣುತ್ತದೆ, ಎಕರೆ ಲೆಕ್ಕದ ಜಗಳಕ್ಕೆ ಅಷ್ಟು ಸಾಕು.